ಮೊದಲು ಪ್ರಿಸ್ಕಿಲ್ಲ, ಆಮೇಲೆ ಅಕ್ವಿಲ

"ಈ ಪತ್ರ ಪೌಲ ಬರೆದದ್ದೇ ಅಲ್ಲ," ಅಂದಳು ಸಗಾಯಮೇರಿ.

ಮದುವೆಗೆ ಮುಂಚಿನ ತರಬೇತಿಗೆಂದು ಕೊಳ್ಳೇಗಾಲದ ಚರ್ಚಿನ ಹಾಲಿನಲ್ಲಿ ಕೂತಿದ್ದ ಜೋಡಿಗಳೆಲ್ಲ ತಿರುಗಿ ನೋಡಿದವು. ಅವರೆಲ್ಲ ಬೆರಳಿಗೆ ಬೆರಳು ಹೆಣೆದುಕೊಂಡಿದ್ದರು. ಅವಳ ಮತ್ತು ಅವಳನ್ನು ಮದುವೆಯಾಗಲಿದ್ದ ಜ್ಞಾನಪ್ರಕಾಶನ ನಡುವೆ ಮಾತ್ರ ಒಂದು ಖಾಲಿ ಕುರ್ಚಿ.

ಮದುವೆಯ ಪೂಜೆಯಲ್ಲಿ ಯಾವ ಭಾಗ ಓದಿಸಬೇಕು, ಇಬ್ಬರೂ ಕೂಡಿ ಆರಿಸಿ ಎಂದು ಫಾದರ್ ಹೇಳಿ ಹೋಗಿದ್ದರು. ಜ್ಞಾನಪ್ರಕಾಶ ಬೈಬಲಿನಲ್ಲಿ, ಸಂತ ಪೌಲ ಎಫೆಸದವರಿಗೆ ಬರೆದನೆನ್ನುವ ಪತ್ರದ ಮೇಲೆ ಬೆರಳಿಟ್ಟಿದ್ದ. ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಅನ್ನುವ ಭಾಗ.

"ನಮ್ಮಪ್ಪನ ಮದುವೆಗೂ ಇದೇ, ಅಣ್ಣಂದಿರ ಮದುವೆಗೂ ಇದೇ. ಪೌಲನದಲ್ಲ ಅನ್ನೋಕೆ ನಿಮ್ಮ ಹತ್ರ ಏನಿದೆ ಮೇಡಂ?"

"ವಾಕ್ಯ ನೋಡಿ. ಪೌಲ ಗಲಾತ್ಯದವರಿಗೆ ಬರೆದಾಗ ಎದುರು ನಿಂತು ಬೈದ ಹಾಗಿದೆ, ತುಂಡು ತುಂಡು. ಇಲ್ಲಿ ಒಂದು ವಾಕ್ಯ ಹೊರಟರೆ ಪಾಲಾರಿಗೆ ಹೋಗೋ ಬಸ್ಸಿನ ಹಾಗೆ, ಎಷ್ಟು ಹೊತ್ತಾದ್ರೂ ಊರೇ ಬರಲ್ಲ. ಎಷ್ಟೋ ಮಾತು ಕೊಲೊಸ್ಸೆಯವರ ಪತ್ರದಿಂದ ಎತ್ತಿದ್ದು. ಪೌಲ ಸತ್ತು ಇಪ್ಪತ್ತು ವರ್ಷ ಆದ್ಮೇಲೆ ಯಾರೋ ಶಿಷ್ಯ ಅವನ ಹೆಸರಲ್ಲಿ ಬರೆದದ್ದು."

"ಪೌಲ ಜೈಲಲ್ಲಿದ್ದ. ಅವನು ಹೇಳ್ತಿದ್ದ, ಇನ್ಯಾರೋ ಬರೀತಿದ್ರು. ಕೈ ಬೇರೆ, ಮಾತು ಅವನದೇ."

"ಸಾಕ್ಷಿ?"

"ನಿಮ್ಮ ಶಿಷ್ಯನಿಗೆ ಏನ್ ಸಾಕ್ಷಿ? ಹೆಸರು ಗೊತ್ತಾ? ಯಾವೂರು?"

ಮುಂದಿನ ಸಾಲಿನ ಹುಡುಗಿ ಕಿಸಕ್ಕನೆ ನಕ್ಕಳು. ಸಗಾಯಮೇರಿಯ ಕಿವಿ ಬಿಸಿಯಾಯಿತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಕನ್ನಡಕವಿಲ್ಲದ ಆ ಕಣ್ಣು ಆಗಷ್ಟೇ ನಿದ್ದೆಯಿಂದೆದ್ದ ಹುಡುಗನ ಕಣ್ಣಿನಂತಿತ್ತು. ಜಗಳದ ಮಧ್ಯೆ ಹೀಗೆ ಮುಖ ತೋರಿಸುವುದು ಅನ್ಯಾಯ ಅನಿಸಿತು ಅವಳಿಗೆ.

ಅವಳು ಕೊಳ್ಳೇಗಾಲದ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಅವನು ಯಳಂದೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಪಾದ್ರಿಯಾಗಲು ಓದುತ್ತಿದ್ದವನು ಅರ್ಧಕ್ಕೇ ಬಿಟ್ಟು ಬಂದಿದ್ದ. ಮನೆಯವರು ನೋಡಿ ಮಾಡಿದ ಸಂಬಂಧ. ಹನೂರಿನಾಚೆ, ಮಾರ್ಟಳ್ಳಿ ಕಡೆಯ ಅವಳ ಮನೆಗೆ ಹೆಣ್ಣು ನೋಡಲು ಬಂದಾಗಲೂ ಅವನು ಹೀಗೆಯೇ ಕನ್ನಡಕ ಒರೆಸಿಕೊಂಡಿದ್ದ. ಅವಳು ಒಪ್ಪಿದ್ದು ಆ ಗಳಿಗೆಯಲ್ಲಿ. ಆಗ ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಚರ್ಚಿನಲ್ಲಿ ಕೂಗುತ್ತಾರೆ. ತಕರಾರಿದ್ದವರು ಬಂದು ಹೇಳಬೇಕು. ಇವರದು ಎರಡು ಸಲ ಕೂಗಿ ಆಗಿತ್ತು. ಅವನ ಹೆಸರು, ಅವನ ತಂದೆಯ ಹೆಸರು, ಊರು. ಕೊನೆಯಲ್ಲಿ ಅವಳದು, ಉಸಿರು ಸಾಲದವರ ಹಾಗೆ. ಎಲ್ಲ ಮದುವೆಗೂ ಅದೇ ಕ್ರಮ. ಕೇಳಿದಾಗ ಅವಳಿಗೆ ಎದೆಯ ಮೇಲೆ ಯಾರೋ ಕೂತಂತಾಗಿತ್ತು.

ಬಸ್ ಸ್ಟ್ಯಾಂಡಿನವರೆಗೂ ಜಗಳ ಹಿಂದೆಯೇ ಬಂತು.

"ಪೌಲನದೇ ಅಂತ ಎಲ್ಲರೂ ಒಪ್ಪೋ ಪತ್ರ ಹಿಡೀರಿ," ಅಂದಳು. "ರೋಮಿನವರಿಗೆ ಬರೆದದ್ದು. ಕೊನೇಲಿ ಗಂಡ ಹೆಂಡತಿ ಇಬ್ಬರಿಗೂ ವಂದನೆ ಹೇಳ್ತಾನೆ. ಮೊದಲು ಪ್ರಿಸ್ಕಿಲ್ಲ, ಆಮೇಲೆ ಅಕ್ವಿಲ. ಹೆಂಡತಿ ಹೆಸರು ಮೊದಲು. ಆ ಕಾಲದಲ್ಲಿ!"

"ಕೊರಿಂಥದವರಿಗೆ ಬರೆದಾಗ ಅಕ್ವಿಲನೇ ಮೊದಲು. ಹೆಸರಿನ ಕ್ರಮದಲ್ಲಿ ಏನ್ರೀ ಇದೆ? ಆವಮ್ಮ ಜೋರಾಗಿ ಮಾತಾಡ್ತಿದ್ಲೇನೋ, ನಿಮ್ಮಂಗೆ," ಎಂದು ಅವನು ನಕ್ಕ.

"ಭಾನುವಾರ ಮೂರನೇ ಸಲ ಕೂಗ್ತಾರಲ್ಲ, ಅವತ್ತು ನಾನೇ ತಕರಾರು ಕೊಡ್ತೀನಿ."

ಅವನ ನಗು ನಿಂತಿತು. "ಕೊಡಿ. ಆದ್ರೆ ಒಂದು ಮಾತಿಗೆ ಉತ್ತರ ಹೇಳಿ ಹೋಗಿ. ಆ ಪತ್ರ ಪೌಲನೇ ಬರೆದಿದ್ದ ಅಂತ ನಾಳೆ ಖಾತ್ರಿ ಆದ್ರೆ, ತಗ್ಗಿ ನಡೀತೀರಾ?"

ಅವಳು ಬಸ್ಸು ಹತ್ತಿದಳು.

ಉತ್ತರ ಗೊತ್ತಿತ್ತು. ತಗ್ಗಿ ನಡೆಯುವುದಿಲ್ಲ. ಹಾಗಿದ್ದರೆ ಇಷ್ಟು ದಿನ ಕಾದಾಡಿದ್ದು ಪೌಲನ ವಿಷಯಕ್ಕಲ್ಲ. ಪ್ರಯೋಗ ಒಂದು, ತಾನು ಅಳೆಯುತ್ತಿದ್ದದ್ದು ಇನ್ನೊಂದು. ಈ ಮನುಷ್ಯನ ಮನೆಯಲ್ಲಿ ತಾನು ಕೊನೆಯಲ್ಲಿ ಉಸುರುವ ಹೆಸರಾಗಿಬಿಡುತ್ತೇನೇನೋ ಅನ್ನುವ ಭಯವನ್ನು ಅವಳು ಅವನೆದುರು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

ಭಾನುವಾರ ತನ್ನೂರಿನ ಚರ್ಚಿನಲ್ಲಿ ಫಾದರ್ ಕೋಣೆಯ ಬಾಗಿಲವರೆಗೂ ಹೋದಳು. ಕಾರಣ ಕೇಳಿದರೆ ಏನನ್ನುವುದು? ಪತ್ರ ಬರೆದವರಾರೆಂದು ಒಮ್ಮತವಿಲ್ಲ ಅನ್ನುವುದೆ? ಕೂಗಿ ಮುಗಿಯಲಿ, ಎಲ್ಲರೆದುರೇ ಎದ್ದು ನಿಲ್ಲುತ್ತೇನೆ ಎಂದುಕೊಂಡು ಬಂದು ಅಮ್ಮನ ಪಕ್ಕ ಕೂತಳು. ಎದುರು ಗಂಡಸರ ಸಾಲಿನ ಕೊನೆಯಲ್ಲಿ ಜ್ಞಾನಪ್ರಕಾಶ. ಯಳಂದೂರಿನಿಂದ ಇಷ್ಟು ಹೊತ್ತಿಗೆ ಬರಬೇಕೆಂದರೆ ಕತ್ತಲಲ್ಲೇ ಹೊರಟಿರಬೇಕು.

ಪೂಜೆಯ ಕೊನೆಗೆ, ಹೆಸರು ಕೂಗುವ ಉಪದೇಶಿ ಸವರಿಮುತ್ತು ಚೀಟಿ ಬಿಡಿಸಿ, ಕೆಮ್ಮಿ, ಒಮ್ಮೆ ಗಂಡಸರ ಸಾಲಿನ ಕಡೆ ನೋಡಿದರು. ಅವಳು ಮುಂದಿನ ಬೆಂಚು ಹಿಡಿದು ಏಳಲು ಸಿದ್ಧಳಾದಳು.

"ಸಗಾಯಮೇರಿ," ಎಂದು ಗಟ್ಟಿಯಾಗಿ ಓದಿದರು. ಅವಳ ತಂದೆ, ತಾಯಿ, ಊರು. "ಮತ್ತು ಯಳಂದೂರಿನ ಜ್ಞಾನಪ್ರಕಾಶ. ಇವರ ಮದುವೆಗೆ ತಕರಾರಿದ್ದವರು ತಿಳಿಸತಕ್ಕದ್ದು."

ಚರ್ಚಿನ ತುಂಬ ಗುಸುಗುಸು.

"ಅಯ್ಯಯ್ಯೋ, ತಪ್ಪಾಗಿ ಓದ್ಬುಟ್ರು ಕಣಮ್ಮಾ," ಅಂದಳು ಅಮ್ಮ.

ಸಗಾಯಮೇರಿ ಬೆಂಚಿನಿಂದ ಕೈ ತೆಗೆದಳು. ಆಚೆ ಅವನು ತಲೆ ತಗ್ಗಿಸಿ ಕನ್ನಡಕ ಒರೆಸುತ್ತಿದ್ದ. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ.

ಹೊರಗೆ ಹುಣಸೆಮರದ ಕೆಳಗೆ ಅವನನ್ನು ಹಿಡಿದಳು.

"ಯಾರು ಬರೆದದ್ದು ಆ ಚೀಟೀನ?"

"ಕೈ ಉಪದೇಶಿಯವರದು," ಅಂದ. "ಮಾತು ನನ್ನದು."

ನಗು ಬಂತು. ನುಂಗಿಕೊಂಡಳು. "ಯಾವ ಕಾಲದ್ದು?"

"ನೀವು ಬಸ್ಸು ಹತ್ತಿದ ಸಂಜೆಯದು. ಫೋನ್ ಮಾಡಿ ಬರೆಸಿದೆ."

"ಅಂದ್ರೆ ನಾನು ತಕರಾರು ಅಂದ ಮೇಲೆ. ಹೆದರಿ ಬರೆಸಿದ್ದು."

"ಹೆದರಿದ್ದು ಹೌದು ಕಣ್ರೀ. ಜಗಳದಲ್ಲಿ ಗೆದ್ದು ನಿಮ್ಮನ್ನ ಕಳ್ಕೊಂಡ್ರೆ ಮನೇಲಿ ಯಾರ ಹತ್ರ ಮಾತಾಡ್ಲಿ?"

"ಹೆಸರಿನ ಕ್ರಮದಲ್ಲಿ ಏನೂ ಇಲ್ಲ ಅಂದ್ರಲ್ಲ?"

"ಈಗ ಹೇಳಿ, ಇದೆಯಾ?"

"ಇದೆ," ಅಂದಳು. "ನಡೀತೀರಾ ಅಂತ ಕೇಳಿದ್ರಲ್ಲ, ಅದಕ್ಕೂ ಉತ್ತರ ಕೇಳ್ಕೊಳ್ಳಿ. ತಗ್ಗಿ ನಡೆಯಲ್ಲ. ಜೊತೇಲಿ ನಡೀತೀನಿ."

ದೂರದಿಂದ ಅಮ್ಮ ಕೂಗಿದಳು. ಅವನ ಕೈ ಮತ್ತೆ ಕನ್ನಡಕಕ್ಕೆ ಹೋಯಿತು.

"ಆದ್ರೂ ಎಫೆಸದ್ದು ಪೌಲನದೇ," ಅಂದ ಮೆಲ್ಲಗೆ.

"ಅಲ್ಲ," ಎಂದು ಅವನ ಕೈಯಿಂದ ಕನ್ನಡಕ ತೆಗೆದುಕೊಂಡು, ತನ್ನ ಸೆರಗಿನಲ್ಲಿ ಒರೆಸಿ, ಅವಳೇ ಅವನಿಗೆ ಹಾಕಿದಳು.