ಕಿವಿಗೊಂದು, ಊರಿಗೊಂದು

“ಬಂದ್ ಮಾಡ್ರಿ! ಮೊದಲ ಅದನ್ನ ಬಂದ್ ಮಾಡ್ರಿ!”

ಬಾಗಿಲು ಧಡಾರನೆ ತೆರೆಯಿತು. ಯಾರೋ ಓಡಿಬಂದು ಬಸವೇಶ್ವರಿಯ ಕೈ ಪಕ್ಕದಲ್ಲಿದ್ದ ಗುಂಡಿ ಒತ್ತಿದರು.

“ಯಾ... ಯಾರ್ರಿ ನೀವು?”

“ನಾ ವಿಶ್ವಾರಾಧ್ಯ. ಇಲ್ಲಿ ಮಷೀನ್ ನೋಡ್ಕೋತೇನಿ. ನಿಮ್ಮ ಕಂಪ್ಯೂಟರ್ ಮಾತಾಡೋದೆಲ್ಲಾ ರೇಡಿಯೋದಾಗ ಹೋಗಾಕತ್ತದ್ರಿ! ಊರ ಮಂದಿ ಕೇಳಾಕತ್ತಾರ!”

ಅಯ್ಯೋ ಶಿವನೇ!

ಬಸವೇಶ್ವರಿ ನಿಂಬರ್ಗಾದ ಹುಡುಗಿ. ಹುಟ್ಟಿನಿಂದ ಕಣ್ಣು ಕಾಣದು. ಅಫಜಲಪುರದ ಆ ಪುಟ್ಟ ಸಮುದಾಯ ರೇಡಿಯೋದಲ್ಲಿ ಅಂದು ಅವಳ ಮೊದಲ ದಿನ. ಪರದೆಯ ಮೇಲೆ ಬರೆದಿದ್ದನ್ನು ಸ್ಕ್ರೀನ್ ರೀಡರ್ ಅವಳ ಕಿವಿಗೆ ಓದಿ ಹೇಳಬೇಕು, ಅದನ್ನು ಕೇಳುತ್ತಲೇ ಅವಳು ತನ್ನ ದನಿಯಲ್ಲಿ ಮೈಕಿಗೆ ಸುದ್ದಿ ಹೇಳಬೇಕು. ಆದರೆ ಕಂಪ್ಯೂಟರಿನೊಳಗೆ ದನಿ ಹೊರಡಿಸಲು ಇದ್ದದ್ದು ಒಂದೇ ಸೌಂಡ್ ಕಾರ್ಡ್. ಅದರ ವೈರು ನೇರವಾಗಿ ರೇಡಿಯೋಗೂ ಹೋಗುತ್ತಿತ್ತು.

ತೊಗರಿ ದರದ ಸುದ್ದಿಯ ನಡುವೆ ಅವ್ವ ಸುಂದರಬಾಯಿ ಕಳಿಸಿದ ಮೆಸೇಜನ್ನೂ ಆ ಯಂತ್ರ ಓದಿಬಿಟ್ಟಿತ್ತು: “ಹೊಟ್ಟಿ ಕೆಟ್ಟಿದ್ದು ಕಡಿಮಿ ಆಯ್ತೇನವ್ವ?”

ಇಡೀ ತಾಲೂಕು ಕೇಳಿತ್ತು! ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ವಿಶ್ವಾರಾಧ್ಯ ಬೆರಳಿನಷ್ಟು ಚಿಕ್ಕದೊಂದು ಎರಡನೇ ಕಾರ್ಡು ತಂದು ಕಂಪ್ಯೂಟರಿಗೆ ಸಿಕ್ಕಿಸಿದ.

“ನೋಡ್ರಿ, ಹಳೇ ಕಾರ್ಡು ಊರಿಗೆ. ಇದು ನಿಮ್ಮ ಕಿವಿಗೆ. ಕಿವೀದಕ್ಕ ದಾರದ ಒಂದು ಗಂಟು ಹಾಕೀನಿ, ಊರಿಂದಕ್ಕ ಎರಡು. ಮುಟ್ಟಿದ್ರ ತಿಳೀತದ. ಆದ್ರ ಒಂದು ಗಂಟಿಂದು ಕಿತ್ತು ಬಂತಂದ್ರ ಮಷೀನಿನ ದನಿ ತಾನಾಗೇ ಊರಿಗೆ ಹೋಗ್ತದ. ಜ್ವಾಕಿ!”

ಅವಳು ಬೆರಳಿನಿಂದ ಆ ಗಂಟನ್ನು ಸವರಿದಳು. ಇಷ್ಟು ಜತನದಿಂದ ಅವಳಿಗಾಗಿ ಯಾರೂ ಏನನ್ನೂ ಗುರುತು ಮಾಡಿಟ್ಟಿರಲಿಲ್ಲ. ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಅವಳ ಮುಖ ಅರಳತೊಡಗಿತು. ಮುಚ್ಚಿಡುವುದೇಕೆ, ಹುಡುಗಿ ಮನಸ್ಸು ಕೊಟ್ಟಾಗಿತ್ತು!

ಆದರೆ ಒಂದು ಮಧ್ಯಾಹ್ನ ಬಾಗಿಲಾಚೆ ಅವನು ರೇಡಿಯೋದ ಮುಖ್ಯಸ್ಥೆ ಪ್ರಮಿಲಾ ಮೇಡಂ ಹತ್ತಿರ ಹೇಳುತ್ತಿದ್ದುದು ಕಿವಿಗೆ ಬಿತ್ತು.

“ಆ ಮಷೀನಿನ ದನಿ ಇನ್ನೊಮ್ಮೆ ಹೊರಗ ಹೋಗೋದೇ ಬ್ಯಾಡ್ರಿ ಮೇಡಂ. ಮಂದಿ ನಗ್ತಾರ.”

ಅವಳು ಅಲ್ಲೇ ನಿಂತುಬಿಟ್ಟಳು. ‘ಮಂದಿ ನಗ್ತಾರಂತ... ಓದಾಕಿ ಕುರುಡಿ ಅಂತ ಗೊತ್ತಾಗ್ತದಂತ ನಾಚಿಕಿ ಇವರಿಗೆ. ಅದಕ್ಕೇ ಎರಡನೇ ಕಾರ್ಡು, ಅದಕ್ಕೇ ಗಂಟು!’

ಹೋಗಿ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಸಿಟ್ಟು ಬಂದವರು ಎಲ್ಲಿ ಕೇಳುತ್ತಾರೆ? ಎರಡು ತಿಂಗಳು ಅವಳು ಅವನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಒಂದಕ್ಷರ ಆಡಲಿಲ್ಲ. ಆ ಪುಣ್ಯಾತ್ಮನೋ ಚಹಾ ತಂದಿಟ್ಟು, ಕೆಮ್ಮಿ, ನಿಂತು, ಹಾಗೇ ಹೋಗಿಬಿಡುತ್ತಿದ್ದ.

ಆಗಸ್ಟಿನ ಒಂದು ಬೆಳಿಗ್ಗೆ ಭೀಮಾ ನದಿ ಏರಿತು. ಇಲ್ಲಿ ಮಳೆಯೇ ಇರಲಿಲ್ಲ, ಮೇಲೆ ಮಹಾರಾಷ್ಟ್ರದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನದಿದಂಡೆಯ ಮಣ್ಣೂರಿನಲ್ಲಿ ಕರೆಂಟು ಹೋಗಿ ಟಿವಿಯೂ ಇಲ್ಲ, ಫೋನುಗಳಿಗೆ ಚಾರ್ಜೂ ಇಲ್ಲ. ಸೆಲ್ಲಿನ ರೇಡಿಯೋ ಇದ್ದವರ ಸುತ್ತ ಜನ ಕೂಡಿದ್ದರು. ಸುದ್ದಿ ಕಳಿಸಲು ವಿಶ್ವಾರಾಧ್ಯ ಅಲ್ಲಿಗೆ ಹೊರಟ. ಬಾಗಿಲಲ್ಲಿ ಒಂದು ಕ್ಷಣ ತಡೆದ.

“ಬಸವೇಶ್ವರಿಯವರೇ... ನಿಮಗೊಂದು ಮಾತು ಹೇಳೋದಿತ್ತು.”

“ಕೆಲಸದ್ದಿದ್ರ ಮೆಸೇಜ್ ಹಾಕ್ರಿ.”

ಅವನು ಹೋದ. ಅವನ ಹೆಜ್ಜೆ ಸಪ್ಪಳ ಮುಗಿಯುವವರೆಗೂ ಅವಳು ಕಿವಿಗೊಟ್ಟಳು. ‘ನೀರಿಗೆ ಹೊಂಟವರಿಗೆ ಹಿಂಗ ಅಂತಾರೇನು? ಥೂ, ನನ್ನ ನಾಲಿಗಿ!’

ಪ್ರಮಿಲಾ ಮೇಡಂ ತಹಶೀಲ್ದಾರರ ಕಚೇರಿಗೆ ಓಡಿದ್ದರು. ರೇಡಿಯೋದಲ್ಲಿ ಉಳಿದವಳು ಅವಳೊಬ್ಬಳೇ. ಎದುರಿಗೆ ಮೈಕು, ಕಿವಿಯಲ್ಲಿ ಯಂತ್ರದ ದನಿ. ಕಾಲ್ ಹತ್ತುತ್ತಿರಲಿಲ್ಲ, ಮೆಸೇಜ್ ಮಾತ್ರ ಹೇಗೋ ಬರುತ್ತಿತ್ತು. ಯಂತ್ರ ಮೊದಲು ಕಳಿಸಿದವರ ಹೆಸರು, ಆಮೇಲೆ ಸುದ್ದಿ ಓದುತ್ತಿತ್ತು.

“ವಿಶ್ವಾರಾಧ್ಯ. ಕೆಳಗಿನ ರಸ್ತೆ ಮುಳುಗ್ಯಾದ. ಶಾಲಿ ಹಿಂದಿನ ದಾರಿಗೆ ಬರಬೇಕಂತ ಹೇಳ್ರಿ.”

ಅವಳು ಹೇಳಿದಳು. ಒಮ್ಮೆಯಲ್ಲ, ಮೂರು ಸಲ ಹೇಳಿದಳು. ದನಿ ನಡುಗದಂತೆ ಮೇಜನ್ನು ಗಟ್ಟಿಯಾಗಿ ಹಿಡಿದಿದ್ದಳು.

ಮತ್ತೆ ಕಿವಿಯಲ್ಲಿ: “ವಿಶ್ವಾರಾಧ್ಯ. ಖಾಸೀಂಬಿ ಅಜ್ಜಿ ಮನ್ಯಾಗ ಒಬ್ಬಾಕೇ ಉಳಿದಾಳ. ಕರಕೊಂಡು ಬರಾಕ ಹೊಂಟೀನಿ.”

ಅಷ್ಟೇ. ಆಮೇಲೆ ಏನೂ ಇಲ್ಲ.

ಅವಳು ಗಂಜಿ ಕೇಂದ್ರದ ಸುದ್ದಿ ಓದಿದಳು. ಜೇವರ್ಗಿ ಕಡೆಯ ಬಸ್ಸು ನಿಂತ ಸುದ್ದಿ ಓದಿದಳು. ನಡುನಡುವೆ ಸಮಯ ಹೇಳುವ ಕೀಲಿ ಒತ್ತುತ್ತಿದ್ದಳು.

ಹತ್ತು ಇಪ್ಪತ್ತೆರಡು. ಹತ್ತು ಮೂವತ್ತೊಂದು. ಹತ್ತು ನಲವತ್ತು...

‘ವೈರು ಸಡಲ್ಯಾದೇನು?’ ಮುಟ್ಟಿ ನೋಡಿದಳು. ಒಂದು ಗಂಟು ಬಿಗಿಯಾಗಿಯೇ ಇತ್ತು. ಯಂತ್ರ ಸರಿಯಾಗಿತ್ತು, ಅವನೇ ಸುಮ್ಮನಿದ್ದ. ‘ಬೈರಿ, ಜಗಳಾಡ್ರಿ, ಏನಾದ್ರೂ ಅನ್ರಿ... ಒಂದಕ್ಷರ ಕಳಿಸ್ರಿ ಸಾಕು!’

ಹತ್ತು ನಲವತ್ತೆಂಟಕ್ಕೆ ಕಿವಿಯಲ್ಲಿ ದನಿ ಬಂತು.

“ವಿಶ್ವಾರಾಧ್ಯ. ಶಾಲಿ ಹಿಂದಿನ ದಾರಿಗೂ ನೀರು ನುಗ್ಗ್ಯಾದ. ಯಾರೂ ಬರಬ್ಯಾಡ್ರಿ! ದೇವಾನಂದನ ಕಬ್ಬಿನ ಹೊಲದ ಮ್ಯಾಲಿನ ದಾರಿ ಹಿಡೀಲಿ. ಜಲ್ದಿ ಹೇಳ್ರಿ. ನಾವು ನಡು ನೀರಾಗ ಅದೇವಿ.”

ನಡು ನೀರಾಗ!

ತಾನೇ ಮೂರು ಸಲ ಹೇಳಿ ಜನರನ್ನು ಕಳಿಸಿದ್ದ ದಾರಿ ಅದು. ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಬರೀ ಗಾಳಿ ಹೊರಟಿತು. ಮತ್ತೆ ಪ್ರಯತ್ನಿಸಿದಳು, ಇಲ್ಲ! ಮಕ್ಕಳನ್ನು ಎತ್ತಿಕೊಂಡವರು ಈಗ, ಈ ಕ್ಷಣ, ತನ್ನ ಮಾತು ನಂಬಿ ಆ ದಾರಿಗೆ ಇಳಿಯುತ್ತಿರಬಹುದು.

‘ಅಯ್ಯೋ, ಏನು ಮಾಡಲಿ... ಏನು ಮಾಡಲಿ!’

ಕೈ ತಡಕಾಡಿತು. ಎರಡು ಗಂಟಿನ ವೈರು ಸಿಕ್ಕಿತು, ಬಿಟ್ಟಳು. ಒಂದು ಗಂಟಿನದು ಸಿಕ್ಕಿತು. ಎರಡು ತಿಂಗಳಿಂದ ಕನಸಿನಲ್ಲೂ ಯಾವುದು ಸಡಿಲವಾದೀತೆಂದು ಹೆದರಿದ್ದಳೋ ಆ ಕಾರ್ಡನ್ನು ಹಿಡಿದು ಎಳೆದೇಬಿಟ್ಟಳು.

ಯಂತ್ರದ ದನಿ ಊರಿಗೆ ಹೋಯಿತು; ಮೇಜಿನ ಮೇಲಿದ್ದ ರೇಡಿಯೋದ ಹೆಡ್‌ಫೋನಿನಲ್ಲಿ ಅವಳಿಗೂ ಸಣ್ಣಗೆ ಕೇಳುತ್ತಿತ್ತು. ಮೊದಲ ಸಾಲು ಯಾರಿಗೂ ತಿಳಿಯಲಿಲ್ಲ. ಅವಳು ಕೇಳುತ್ತಿದ್ದ ವೇಗ ಅಂಥದ್ದು, ಹುರಿದ ಕಡಲೆ ಸಿಡಿದಂತೆ ಪಟಪಟ. ಕೀಲಿ ಒತ್ತಿ ಒತ್ತಿ ವೇಗ ಇಳಿಸುತ್ತಾ ಹೋದಳು. ಇನ್ನೂ ಇಳಿಸಿ ಮತ್ತೊಮ್ಮೆ ಓದಿಸಿದಳು.

“ಶಾಲಿ... ಹಿಂದಿನ... ದಾರಿಗೂ... ನೀರು... ನುಗ್ಗ್ಯಾದ. ಯಾರೂ... ಬರಬ್ಯಾಡ್ರಿ...”

ಐದು ಸಲ ಓದಿಸಿದಳು. ಮಂದಿ ನಗುವುದಾದರೆ ನಗಲಿ, ಬದುಕಿ ನಗಲಿ!

ಆರನೇ ಸಲ ಓದಿಸುವಷ್ಟರಲ್ಲಿ ಹೊಸ ಮೆಸೇಜು ಬಂತು. ಯಂತ್ರ ಅದನ್ನೂ ಓದತೊಡಗಿತು. ಅದೂ ಊರಿಗೇ, ಅದೂ ಅಷ್ಟೇ ನಿಧಾನ.

“ವಿಶ್ವಾರಾಧ್ಯ. ದಾಟಿದೇವಿ. ಎಲ್ಲಾರೂ ಮ್ಯಾಲಿನ ಹೊಲದಾಗ ಅದಾರ. ಖಾಸೀಂಬಿ ಅಜ್ಜಿ ಆರಾಮ ಅದಾಳ.”

ಬಸವೇಶ್ವರಿ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಿದ್ದಾಗಲೇ ಮತ್ತೊಂದು ಬಂತು.

“ವಿಶ್ವಾರಾಧ್ಯ. ಬಸವೇಶ್ವರಿಯವರೇ, ನೀರು ಎದಿ ಮಟ ಬಂದಾಗ ನನಗ ನೀವೇ ನೆನಪಾದ್ರಿ.”

ಅವಳು ದಡಕ್ಕನೆ ತಲೆಯೆತ್ತಿದಳು. ಕಾರ್ಡು ಕೈಯಲ್ಲೇ ಇತ್ತು. ಸಿಕ್ಕಿಸಲು ನೋಡಿದಳು, ತೂತು ಸಿಗಲಿಲ್ಲ!

“ಅವತ್ತು ನೀವು ಬಾಗಲ ಹತ್ರ ನಿಂತು ನನ್ನ ಮಾತು ಕೇಳಿದ್ದು ಕಂಡಿದ್ದೆ ಅಂತ ಪ್ರಮಿಲಾ ಮೇಡಂ ನಿನ್ನೆ ಹೇಳಿದ್ರು. ಚಾದಂಗಡ್ಯಾಗ ನಾಲ್ಕು ಮಂದಿ ಆ ದನಿ ಅಣಕಿಸಿ ನಗಾಕತ್ತಿದ್ರು. ನನಗ ತಡಕೊಳ್ಳಾಕ ಆಗಲಿಲ್ಲ. ನಿಮಗ ಹೇಳಾಕೂ ಅಂಜಿದೆ. ನಾಚಿಕಿ ಅಲ್ರಿ, ನನಗ ನೀವಂದ್ರ ಭಾಳ ಜೀವ. ಕೆಂಪು ಹೃದಯ.”

ಹೌದು! ಕೊನೆಗೆ ಹಾಕಿದ್ದ ಚಿತ್ರವನ್ನೂ ಆ ಪ್ರಾಮಾಣಿಕ ಯಂತ್ರ ಬಿಡಲಿಲ್ಲ.

ತೂತು ಆಗ ಸಿಕ್ಕಿತು! ಬಸವೇಶ್ವರಿ ಕಾರ್ಡು ಸಿಕ್ಕಿಸಿ, ಮೂಗೊರೆಸಿಕೊಂಡು, ಮೈಕಿಗೆ ಬಾಗಿದಳು. ಕಳೆದುಹೋಗಿದ್ದ ದನಿ ಮರಳಿತ್ತು.

“ಕೇಳುಗರೇ... ಮೇಲಿನ ದಾರಿಯನ್ನೇ ಹಿಡಿಯಿರಿ. ಉಳಿದ ಸುದ್ದಿ... ಉಳಿದ ಸುದ್ದಿ ನನಗೆ ಮುಟ್ಟಿದೆ.”

ಸಂಜೆ ನಾಲ್ಕಕ್ಕೆ ಬಾಗಿಲ ಬಳಿ ಹೆಜ್ಜೆ ಸಪ್ಪಳ. ಹಸಿ ಮಣ್ಣಿನ ವಾಸನೆ ಒಳಗೆ ಬಂತು. ಅವಳು ಎದ್ದುನಿಂತಳು.

“ಬಂದ್ರ್ಯಾ?”

“ಬಂದೆರಿ.” ಅವನು ಬಾಗಿಲಲ್ಲೇ ನಿಂತ. “ನಾ ಕಳಿಸಿದ್ದು ನನಗೇ ಖಾಸೀಂಬಿ ಅಜ್ಜಿ ಉಡಿಯಾಗಿದ್ದ ರೇಡಿಯೋದಾಗ ಕೇಳಿಸ್ತು. ಹೊಲದಾಗಿದ್ದ ಮಂದಿ ಎಲ್ಲಾ ನನ್ನೇ ನೋಡಾಕತ್ತಿತ್ತು.”

“ನಕ್ಕರೇನು?”

“ಯಾರೂ ನಗಲಿಲ್ರಿ. ಅಜ್ಜಿ ಮಾತ್ರ, ‘ಆ ಪೋರಿ ಏನಂತಾಳ ಹೋಗಿ ಕೇಳು’ ಅಂತ ಹೊರಡಿಸ್ಯಾಳ. ನನಗ... ನನಗ ಆ ನೀರಿಗಿಂತ ಈಗ ಹೆಚ್ಚು ಅಂಜಿಕಿ ಆಗಾಕತ್ತದ.”

ಅವಳಿಗೂ ಆಗುತ್ತಿತ್ತು. ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗಿಟ್ಟು, ಇನ್ನೊಂದನ್ನು ಅವನತ್ತ ಚಾಚಿದಳು. ಒಂದು ಗಂಟಿನ ಕಾರ್ಡು ಬಿಗಿಯಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿ, ಟೈಪ್ ಮಾಡಿದಳು. ಯಂತ್ರ ಅವಳ ವೇಗದಲ್ಲೇ ಪಟಪಟನೆ ಓದಿತು.

“ಏನಂತ್ರಿ? ತಿಳೀಲಿಲ್ಲ...”

ಅವಳು ವೇಗ ಇಳಿಸಿದಳು.

“ನನಗೂ... ನೀವು... ಬೇಕು. ಇನ್ನ... ನನಗ... ಹೇಳದ... ನೀರಿಗೆ... ಇಳೀಬ್ಯಾಡ್ರಿ.”

ಅವನು ಮೂಗೆಳೆದ ಸದ್ದು ಕೇಳಿಸಿತು.

“ಅಳಾಕತ್ತೀರೇನು?”

“ಇಲ್ರಿ... ಹೌದ್ರಿ. ಆದ್ರ ಕೊನೀಗೆ ಕೆಂಪು ಹೃದಯ ಇಲ್ಲಲ್ಲ?”

“ಅದು ಎಲ್ಲಿರ್ತದಂತ ನನಗ ಗೊತ್ತಿಲ್ಲ. ಹುಡುಕಿ ಕೊಡ್ರಿ.”

ಅವನು ಅವಳ ಬೆರಳು ಹಿಡಿದು ಒಂದೊಂದೇ ಕೀಲಿ ದಾಟಿಸುತ್ತಾ ಕರೆದೊಯ್ದ. ಇಬ್ಬರ ಕಿವಿಯಲ್ಲೂ ಆ ಎರಡು ಪದ ಒಟ್ಟಿಗೇ ಕೇಳಿಸಿತು.

“ಊರಿಗೆ ಹೋಗಿಲ್ಲಲ್ರಿ?” ಅವನು ಪಿಸುಗುಟ್ಟಿದ.

“ಇಲ್ರಿ,” ಅವಳು ಅವನ ಕೈ ಬಿಡಲಿಲ್ಲ. “ಇದು ನಮ್ಮಿಬ್ಬರಿಗೇ.”