ಎಡದಂಡೆ ಕ್ಲಬ್ಬಿನ ಕೊನೆಯ ಪಂದ್ಯ

ದಿನಾಂಕ 23 ಮಾರ್ಚ್ 2025, ಭಾನುವಾರ, ಬೆಳಿಗ್ಗೆ 7.10. ಗಂಗಾವತಿ ಗ್ರಾಮೀಣ ಠಾಣೆಯ ಮೆಟ್ಟಿಲ ಬಳಿ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಸೀರೆಯ ಅಂಚೆಲ್ಲ ಕೆಸರು. ಒಳಗೆ ಬಂದರೆ ನೆಲ ಹೊಲಸಾಗುತ್ತದೆಂದು ಅಲ್ಲಿಂದಲೇ ದೂರು ಹೇಳತೊಡಗಿದರು.

“ಮೈದಾನಕ್ಕ ಯಾರೋ ನೀರು ಬಿಟ್ಟಾರ್ರಿ. ಸಂಜಿಗೆ ಮ್ಯಾಚ್ ಐತಿ.”

ಪಿಎಸ್‌ಐ ಮೆಹರಾಜ ಬೇಗಂ ಅವರನ್ನು ಒಳಗೆ ಕರೆದು ಕೂರಿಸಿದರು.

“ಮೈದಾನ ನಿಮ್ಮದೇನ್ರಿ?”

“ಮೈದಾನ ನಂದಲ್ಲ, ಕ್ಲಬ್ಬೂ ನಂದಲ್ಲ. ಉಳದ್ರ ಉಳಸು, ಇಲ್ಲಾಂದ್ರ ಮುಚ್ಚು ಅಂತ ಸರ್ಕಾರದವರು ಕಳಿಸ್ಯಾರ ನನ್ನ.”

ದೂರುದಾರರ ಹೆಸರು ನೇತ್ರಾವತಿ. ಸಹಕಾರ ಇಲಾಖೆಯಿಂದ ನಿವೃತ್ತರಾದವರು. ಎಡದಂಡೆ ಫುಟ್ಬಾಲ್ ಕ್ಲಬ್ಬಿಗೆ ಮೂರು ತಿಂಗಳಿಂದ ಆಡಳಿತಾಧಿಕಾರಿ. ಕಾಲುವೆಯ ಎಡದಂಡೆಯ ಹಳ್ಳಿಗಳ ಹುಡುಗರು ಸೇರಿ ಕಟ್ಟಿದ ಹಳೆಯ ಕ್ಲಬ್ ಅದು. ಎರಡು ವರ್ಷದ ಹಿಂದೆ ಕಮಿಟಿಯವರಿಗೆ ಮೇಲಿನ ಲೀಗಿಗೆ ಹೋಗುವ ಆಸೆ ಬಂತು. ಬಳ್ಳಾರಿ, ಹುಬ್ಬಳ್ಳಿಯಿಂದ ಪಗಾರ ಕೊಟ್ಟು ಆಟಗಾರರನ್ನು ಕರೆಸಿದರು, ದೊಡ್ಡ ದೀಪಗಳನ್ನು ನಿಲ್ಲಿಸಿದರು. ಪ್ರಾಯೋಜಕ ಕೈಬಿಟ್ಟ ಮೇಲೆ ಪಗಾರ ನಿಂತಿತು, ದೀಪದ ಕರೆಂಟು ಹೋಯಿತು. ಕಮಿಟಿ ಒಟ್ಟಿಗೆ ರಾಜೀನಾಮೆ ಕೊಟ್ಟು ಮನೆಗೆ ನಡೆಯಿತು.

“ಊರವರ ಮುಂದ ನಾನ ಹೇಳಿದ್ದೆ,” ಎಂದರು ನೇತ್ರಾವತಿ. “ಈ ವರ್ಷದ ಕೊನೀ ಮ್ಯಾಚ್ ಆಗೂತನಕ ಕ್ಲಬ್ ನಡಸ್ತೀನಿ, ಆಮ್ಯಾಲ ಬೀಗ ಅಂತ. ಇವತ್ತ ಆ ಕೊನೀ ಮ್ಯಾಚ್. ಕುಷ್ಟಗಿ ಟೀಮಿನ ಜೋಡಿ.”

ನೀರು ತುಂಬಿಸಿ ಹಾನಿ ಮಾಡಿದ ಆರೋಪದ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 326ರಡಿ ಎಫ್‌ಐಆರ್ ದಾಖಲಾಯಿತು. 8.30ಕ್ಕೆ ಪಿಎಸ್‌ಐ, ಕಾನ್‌ಸ್ಟೆಬಲ್ ಗವಿಸಿದ್ದೇಶನೊಂದಿಗೆ ಸ್ಥಳಕ್ಕೆ ಹೋದರು.

ಮೈದಾನದ ತುಂಬ ಮೊಣಕಾಲಿನ ಕೆಳಗಿನವರೆಗೆ ನೀರು. ಎರಡು ಗೋಲುಕಂಬಗಳ ನೆರಳು ನೀರಿನಲ್ಲಿ ಅಲುಗಾಡುತ್ತಿತ್ತು. ಬೆಳ್ಳಕ್ಕಿಗಳು ಗೋಲಿನ ಮುಂದೆ ಹುಳ ಹುಡುಕುತ್ತಿದ್ದವು.

“ಎದುರಿನ ಟೀಮಿನವರ್ನ ಬಿಟ್ರ ನಮ್ಮ ಗೋಲಿನ ಮುಂದ ಇಷ್ಟು ಆರಾಮ ಅಡ್ಡಾಡಿದವು ಇವ ನೋಡ್ರಿ ಮೇಡಂ,” ಎಂದ ಗವಿಸಿದ್ದೇಶ. ಶಾಲೆಗೆ ಹೋಗುವಾಗಿನಿಂದ ಅವನು ಇಲ್ಲಿ ಆಟ ನೋಡಿದವನು.

ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಪೂರ್ವದ ಬದಿಗೆ ಹೊಲಗಾಲುವೆ. ಅದಕ್ಕೂ ಮೈದಾನಕ್ಕೂ ನಡುವಿನ ಒಡ್ಡನ್ನು ಸಲಿಕೆಯಿಂದ ಕಡಿಯಲಾಗಿತ್ತು. ನೀರು ತುಂಬಿದ ಮೇಲೆ ಅದೇ ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಮುಚ್ಚಲಾಗಿತ್ತು. ಮೆಹರಾಜ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. ಸಿಟ್ಟಿನಿಂದ ಒಡೆದವನು ಇಷ್ಟು ಜತನದಿಂದ ಮುಚ್ಚುವುದಿಲ್ಲ.

ಹತ್ತರ ಸುಮಾರಿಗೆ ರಸ್ತೆಯಲ್ಲಿ ಒಂದು ಕಾರು ನಿಂತಿತು. ಬಿಳಿ ಅಂಗಿಯ ಗಂಡಸೊಬ್ಬ ಇಳಿದು ನೀರನ್ನು ನೋಡಿದ, ನೇತ್ರಾವತಿಯವರಿಗೆ ಒಂದೆರಡು ಮಾತು ಹೇಳಿದ, ಹೊರಟುಹೋದ. ಅವರು ಒಡ್ಡಿನ ಮೇಲೆ ಕುಳಿತುಬಿಟ್ಟರು.

“ಯಾರ್ರಿ ಅವರು?”

“ಶಾನವಾಜ. ರೈಸ್ ಮಿಲ್ಲಿನ ಮಾಲಕ. ಕ್ಲಬ್ಬನ್ನ ಸಾಲದ ಸಮೇತ ತಗೊಳ್ಳೂ ವಿಚಾರ ಮಾಡಿದ್ದ. ಇವತ್ತು ಮ್ಯಾಚ್ ನೋಡಿ, ಎಷ್ಟ್ ಮಂದಿ ಬರ್ತಾರ ನೋಡಿ, ಹೂಂ ಅನ್ನಾವಿದ್ದ.”

“ಈಗ ಏನಂದ?”

“‘ಊರವರಿಗೇ ಬ್ಯಾಡಾದ ಕ್ಲಬ್ ತಗೊಂಡು ನಾ ಏನ್ ಮಾಡ್ಲಿ ಅಕ್ಕಾರ’ ಅಂದ.”

“ಈ ಸುದ್ದಿ ಊರಾಗ ಗೊತ್ತಿತ್ತೇನ್ರಿ?”

“ಇಲ್ಲ. ಹೇಳಬ್ಯಾಡ ಅಂದಿದ್ದ. ಸಾಲ ಕೊಟ್ಟವರು ಮನಿಗೆ ಬಂದು ಕುಂದರ್ತಾರಂತ ಅಂಜಿಕಿ. ನಾನೂ ಬಾಯಿ ಮುಚ್ಚಿಕೊಂಡೆ.” ಅವರೇ ಅಂದರು: “ಹೇಳಬೇಕಿತ್ತು.”

ಮೊದಲ ಅನುಮಾನ ಗೋಲ್‌ಕೀಪರ್ ರೆಹಮಾನನ ಮೇಲೆ ಬಿತ್ತು. ಹೆಚ್ಚು ಪಗಾರ ಬಾಕಿ ಇದ್ದದ್ದು ಅವನಿಗೆ. ಕಮಿಟಿಯವರ ಮನೆ ಮುಂದೆ ಒಮ್ಮೆ ಕೂಗಾಡಿಯೂ ಇದ್ದ. ಮಧ್ಯಾಹ್ನ ಅವನೇ ಬೂಟಿನ ಚೀಲ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಬಂದ.

“ರಾತ್ರಿ ಎಲ್ಲಿದ್ದಿ?”

“ಸಾಣಾಪುರದಾಗ ಇದ್ದೆ ಮೇಡಂ. ಕೆರಿಯಾಗ ಟೂರಿಸ್ಟ್‌ಗೋಳಿಗೆ ತೆಪ್ಪ ಹಾಕ್ತೀನಿ. ಮಾಲಕನ ಮನಿಯಾಗ ಮಲಗಿದ್ದೆ, ಕೇಳ್ರಿ.”

“ಪಗಾರ ಕೊಟ್ಟಿಲ್ಲಂತ ಸಿಟ್ಟು ಇತ್ತಲ್ಲ?”

“ಸಿಟ್ಟು ಈಗೂ ಐತ್ರಿ. ಸಿಟ್ಟು ಕಮಿಟಿ ಮ್ಯಾಲ, ಗೋಲ್ ಮ್ಯಾಲ ಅಲ್ಲ.” ನೀರಿನ ಕಡೆ ನೋಡಿ ಹೇಳಿದ, “ಪುಕ್ಕಟೆ ಆಡಾಕ ಬಂದೇನಿ. ತೆಪ್ಪಾನ ತರಬೇಕಿತ್ತು.”

ತೆಪ್ಪದ ಮಾಲೀಕನನ್ನು ಫೋನಿನಲ್ಲಿ ವಿಚಾರಿಸಲಾಯಿತು. ರೆಹಮಾನ ಹೇಳಿದ್ದು ನಿಜವಾಗಿತ್ತು.

ನಾಲ್ಕಕ್ಕೆ ಕುಷ್ಟಗಿ ತಂಡದ ಬಸ್ಸು ಬಂತು. ರೆಫ್ರಿ ದಂಡೆಯಲ್ಲಿ ಕಾಲು ತಾಸು ಕಾದು, ನಿಯಮದಂತೆ ಪಂದ್ಯವನ್ನು ಆಡದೆಯೇ ಕುಷ್ಟಗಿಗೆ ಕೊಟ್ಟರು. ಆಟವಿಲ್ಲವೆಂದು ಗೊತ್ತಿದ್ದರೂ ಬಹಳ ಜನ ಬಂದು ನಿಂತಿದ್ದರು. ಬೆಳಿಗ್ಗೆ ಬಂದ ಕಾರಿನವನು ಇದನ್ನು ನೋಡಲಿಲ್ಲ. ಕಾರ್ನರ್ ಬಾವುಟದ ಹತ್ತಿರ ಇಬ್ಬರು ವಯಸ್ಸಾದವರು ಮಾತಿಲ್ಲದೆ ನಿಂತಿದ್ದನ್ನು ಮೆಹರಾಜ ಗಮನಿಸಿದರು.

“ಅವರು ಯಾರು?”

“ಬಾಲಪ್ಪ, ಯಂಕೇಶ,” ಎಂದ ಗವಿಸಿದ್ದೇಶ. “ಅಣ್ಣ ತಮ್ಮ ಅವರು. ಇವತ್ತ ಅವರ ಬಾಯಿ ಬಂದ್ ಆಗಿದ್ದು ನೋಡ್ರಿ ಮೇಡಂ. ಮ್ಯಾಚ್ ನಡದಾಗ ಇಬ್ರೂ ಕೂಡಿ ರೆಫ್ರಿಗೆ ಬೈದ್ರಂದ್ರ ಆಚಿ ಗೋಲಿನತನಕ ಕೇಳ್ತೈತಿ.”

ಆ ಸಂಜೆ ಠಾಣೆಯಲ್ಲಿ ಮೆಹರಾಜ ಗವಿಸಿದ್ದೇಶನ ಮುಂದೆ ಒಂದು ವಿಷಯ ಎತ್ತಿದರು. ಅವರ ಊರು ಯಲಬುರ್ಗಾ. ಮಳೆ ನಂಬಿದ ಎರೆಭೂಮಿ.

“ನಮ್ಮೂರಾಗ ನಳದ ಮುಂದ ಒಂದು ಕೊಡ ಪಾಳಿ ತಪ್ಪಿದ್ರ ಇಡೀ ಓಣಿ ಏಳತೈತಿ. ಇಲ್ಲಿ ಮೈದಾನ ತುಂಬೂವಷ್ಟು ನೀರು ಹೋಗೈತಿ. ಅದು ಯಾರದೋ ಹೊಲದ ನೀರು. ನೀರು ಕಳುವಾತಂತ ಒಬ್ಬರರೆ ಬಂದ್ರೇನು?”

“ಇಲ್ರಿ.”

“ಯಾಕ ಬರಲಿಲ್ಲ?”

ಗವಿಸಿದ್ದೇಶ ಕಾಲುವೆ ನೀರು ಬಿಡುವವನ ನಂಬರು ಹುಡುಕತೊಡಗಿದ.

ಸೋಮವಾರ ಬೆಳಿಗ್ಗೆ 9 ಗಂಟೆಗೆ, ಪಾಳಿ ಪ್ರಕಾರ ಕಾಲುವೆ ನೀರು ಬಿಡುವ ಹೈದರಸಾಬನನ್ನು ಕೇಳಲಾಯಿತು. “ಶನಿವಾರ ರಾತ್ರಿ ಪಾಳಿ ಬಾಲಪ್ಪಂದ್ರಿ. ಬೆಳಗಿನ ಜಾವ ಅವನ ತಮ್ಮಂದು,” ಎಂದ.

ಹೊಲಗಳು ಮೈದಾನದ ಬೆನ್ನಿಗೇ ಇದ್ದವು. ಸುತ್ತಲಿನ ಭತ್ತ ನೀರಿನಲ್ಲಿ ನಿಂತಿತ್ತು. ಬಾಲಪ್ಪನ ಗದ್ದೆಯಲ್ಲಿ ಮಣ್ಣು ಬಿರಿದಿತ್ತು. ಬದುವಿನ ಆಚೆ ಯಂಕೇಶನ ಗದ್ದೆಯೂ ಅಷ್ಟೇ ಒಣಗಿತ್ತು. ಯಂಕೇಶ ಕಳೆ ಕೀಳುತ್ತಿದ್ದ.

“ನಿಮ್ಮ ಪಾಳಿಗೆ ನೀರು ಬಂತೇನ್ರಿ?” ಎಂದು ಮೆಹರಾಜ ಕೇಳಿದರು.

“ಇಲ್ಲ.”

“ನೆಲ್ಲು ಹೊಡಿಗೆ ಬಂದೈತಿ, ತೆನಿ ಹೊಂಡೂ ಹೊತ್ತು. ಈಗ ನೀರು ತಪ್ಪಿದ್ರ ಕಾಳು ಜೊಳ್ಳಾಕ್ಕಾವು. ದೂರು ಯಾಕ ಕೊಡಲಿಲ್ಲ?”

ಯಂಕೇಶ ಕೈಯಲ್ಲಿದ್ದ ಹುಲ್ಲನ್ನು ಬದುವಿನ ಮೇಲೆ ಇಟ್ಟ.

“ಅಣ್ಣನ್ನರೆ ಕೇಳಿದ್ರೇನು?”

“ನನಗೂ ಅವಗೂ ಮಾತಿಲ್ರಿ.”

“ಮಾತಿಲ್ಲಾ?” ಗವಿಸಿದ್ದೇಶ ನಡುವೆ ಬಾಯಿ ಹಾಕಿದ. “ಮೈದಾನದಾಗ ನಾನ ನೋಡೇನಲ್ರಿ ಕಾಕಾ!”

“ಅದು ಆಟದ ಮಾತು.” ಯಂಕೇಶ ತಲೆ ತಗ್ಗಿಸಿದ. “ಆಸ್ತಿ ಹಿಸೆ ಆದಾಗ ಈ ಬದುವಿನ ಸಲುವಾಗಿ ಜಗಳಾತು. ಅವತ್ತಿಂದ ಮನಿ ಮಾತಿಲ್ಲ, ಹೊಲದ ಮಾತಿಲ್ಲ. ಮದಿವಿ, ಸಾವು, ಯಾವುದಕ್ಕೂ ಇಲ್ಲ.”

“ಮತ್ತ ಮೈದಾನದಾಗ?”

“ಅಲ್ಲಿ ಹೆಂಗೋ ಬರ್ತೈತ್ರಿ.”

ಬಾಲಪ್ಪ ಪಂಪ್‌ಶೆಡ್ಡಿನ ನೆರಳಲ್ಲಿ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತು, ಕೇಳುವ ಮೊದಲೇ ಸಲಿಕೆಯನ್ನು ತಂದು ಅವರ ಮುಂದೆ ಇಟ್ಟ.

“ಇದರಿಂದನ ಕಡದೇನ್ರಿ. ನಾ ಒಬ್ಬನ.”

“ಯಾಕ?”

“ಕೊನೀ ಮ್ಯಾಚ್ ಆಗೂತನಕ ಮುಚ್ಚಂಗಿಲ್ಲ ಅಂತ ಆ ಅಮ್ಮಾರು ಎಲ್ಲಾರ ಮುಂದ ಹೇಳಿದ್ರು. ಸರ್ಕಾರದವರ ಮಾತು. ಮ್ಯಾಚ್ ಆಗದಿದ್ರ ಹೆಂಗ್ ಮುಚ್ಚತಾರ? ನೀರು ಆರಾಕ ಒಂದು ಎಂಟು ದಿನ ಹಿಡೀತಿತ್ತು. ಅಷ್ಟರಾಗ ಯಾರರೆ ಪುಣ್ಯಾತ್ಮ ಬರ್ತಿದ್ದ, ಕ್ಲಬ್ ಉಳೀತಿತ್ತು.”

ಮೆಹರಾಜ ಬಗ್ಗಿ ಸಲಿಕೆ ಎತ್ತಿಕೊಂಡರು. ಗವಿಸಿದ್ದೇಶ ಬೇರೆ ಕಡೆ ಮುಖ ತಿರುಗಿಸಿದ.

“ನಿಮ್ಮ ಹೊಲ ಒಣಗಿಸಿಕೊಂಡ್ರಿ. ತಮ್ಮಂದೂ ಒಣಗಿಸಿದ್ರಿ.”

“ನನ್ನ ಪಾಳಿ ನೀರು ಸಾಲಲಿಲ್ರಿ. ಜಾವದತನಕ ಬಿಡಬೇಕಾತು. ಅವಂದೂ ಹೋತು.” ಬಾಲಪ್ಪ ತಮ್ಮನ ಗದ್ದೆಯ ಕಡೆ ನೋಡಿದ. “ಹೊತ್ತೇರಿದ ಮ್ಯಾಲ ಬದುವಿಗೆ ಬಂದು ನಿಂತ. ಒಣ ಗದ್ದಿ ನೋಡಿದ, ನನ್ನ ಸಲಿಕಿ ನೋಡಿದ. ಕೂಗಾಡತಾನ ಅನಕೊಂಡೆ. ಕೂಗಾಡಿದ್ರೂ ಛಲೋ ಇತ್ತು. ಸುಮ್ಮನ ಹೊಳ್ಳಿ ಹೋದ.”

“ಕ್ಲಬ್ ಹೋದ್ರ ನಿಮಗೇನು ಹೋಗ್ತಿತ್ತು ಕಾಕಾ? ವಯಸ್ಸಾತು, ಆಡಾವರಲ್ಲ,” ಎಂದ ಗವಿಸಿದ್ದೇಶ.

“ಐತವಾರ ಹೋಗ್ತಿತ್ರಿ,” ಎಂದ ಬಾಲಪ್ಪ. “ಅವನ ಜೋಡಿ ನಾ ಎಲ್ಲಿ ನಿಂತು ಮಾತಾಡ್ಲಿ?”

ಬೆಳಿಗ್ಗೆ 11.40ಕ್ಕೆ ಬಂಧನ ದಾಖಲಾಯಿತು. ಸಲಿಕೆ ಜಪ್ತಿಯಾಯಿತು. ಜೀಪಿನಲ್ಲಿ ಬಾಲಪ್ಪ ಒಂದೇ ಪ್ರಶ್ನೆ ಕೇಳಿದ, “ಬರೂ ಐತವಾರ ಆಡಸ್ತಾರೇನ್ರಿ?”

ಕುಷ್ಟಗಿಗೆ ಪಂದ್ಯ ಹೋದದ್ದನ್ನು ಮೆಹರಾಜ ಹೇಳಿದರು. ವರ್ಷದ ಆಟ ಮುಗಿದಿದೆ ಎಂದರು. ಶಾನವಾಜನ ವಿಷಯ ಬಾಯಿಗೆ ಬಂದಿತ್ತು, ನುಂಗಿಕೊಂಡರು. ಕೋರ್ಟಿನಲ್ಲಿ ನೇತ್ರಾವತಿಯವರ ಹೇಳಿಕೆ ಓದುವ ದಿನ ಬಾಲಪ್ಪನಿಗೆ ಹೇಗೂ ತಿಳಿಯುವುದಿತ್ತು.

ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಜಾಮೀನುದಾರನಾಗಿ ಯಾರನ್ನು ಕರೆಸಲಿ ಎಂದರೆ ಬಾಲಪ್ಪ ಯಾರ ಹೆಸರನ್ನೂ ಹೇಳಲಿಲ್ಲ. ನಾಲ್ಕು ಗಂಟೆಗೆ ಯಂಕೇಶ ಪಹಣಿ, ಆಧಾರ್ ಹಿಡಿದು ತಾನಾಗಿ ಬಂದ. ತೋರಿಸಿದಲ್ಲಿ ಸಹಿ ಮಾಡಿದ. ಅಣ್ಣ ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಇಬ್ಬರೂ ಎದುರಿನ ಗೋಡೆ ನೋಡುತ್ತಿದ್ದರು. ಒಮ್ಮೆ ಯಂಕೇಶ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಬಾಲಪ್ಪ ಥಟ್ಟನೆ ಅವನ ಕಡೆ ತಿರುಗಿದ. ಯಂಕೇಶ ಮತ್ತೆ ಗೋಡೆಗೆ ಕಣ್ಣು ನೆಟ್ಟ.

ಹೊರಗೆ ಆಟೋ ಬಂದು ನಿಂತಿತು. ಯಂಕೇಶ ಎದ್ದು ಗವಿಸಿದ್ದೇಶನ ಮೇಜಿನ ಬಳಿ ಬಂದ.

“ಆಟೋ ಬಂದೈತಿ ಅಂತ ಹೇಳ್ರಿ ಅವಗ.”

“ಇಲ್ಲೇ ಕುಂತಾರಲ್ರಿ ಕಾಕಾ. ನೀವ ಹೇಳ್ರಿ.”

ಯಂಕೇಶ ನಿಂತೇ ಇದ್ದ. ಗವಿಸಿದ್ದೇಶ ಪಿಎಸ್‌ಐ ಕಡೆ ನೋಡಿದ. ಅವರು ಕಾಗದದಿಂದ ತಲೆ ಎತ್ತಲಿಲ್ಲ.

“ಬಾಲಪ್ಪ ಕಾಕಾ,” ಎಂದ ಗವಿಸಿದ್ದೇಶ, “ಆಟೋ ಬಂದೈತಂತ.”

“ಕೇಳಿಸ್ತಂತ ಹೇಳ್ರಿ,” ಎಂದು ಬಾಲಪ್ಪ ಎದ್ದ.