ಮಂಜಿನಿಂದ ಬಂದ ಹಗ್ಗ

ಬರದ ಆ ವರ್ಷ ಮರ್ರೆ ನದಿಯಲ್ಲಿ ಸ್ಟೀಮರು ನಿಲ್ಲುವ ನಮ್ಮೂರ ಕಟ್ಟೆಯ ಬುಡದಲ್ಲಿ ಹದಿನೆಂಟೇ ಅಂಗುಲ ನೀರಿತ್ತು; ಯಾವ ಹಡಗೂ ಬರುವಂತಿರಲಿಲ್ಲ. ನನ್ನ ಹೆಂಡತಿ ಹೆಸ್ಟರ್ ಹತ್ತಿದ್ದ ಸ್ಟೀಮರು ನದಿಯ ಮೇಲ್ಭಾಗದಲ್ಲಿ, ಅರವತ್ತು ಮೈಲಿ ದೂರದಲ್ಲಿ, ಮರಳಿನಲ್ಲಿ ಸಿಕ್ಕಿ ನಾಲ್ಕು ದಿನವಾಗಿತ್ತು.

“ಏನೋ ವಿಲ್ಫ್, ಇನ್ನೂ ಕಾಯ್ತಿದೀಯಾ? ಹೆಂಡ್ತಿ ನಡ್ಕೊಂಡೇ ಬರ್ತಾಳೆ ಬಿಡೋ!” ಎಂದು ಕಟ್ಟೆಯ ಕೆಲಸದ ಜೊತೆಗಾರ ಕ್ಲೆಮ್ ಚಹಾ ಕುಡಿಯಲು ಹೋದ.

ಬೆಳಗಿನ ಮಂಜಿನೊಳಗೆ ಸ್ಟೀಮರಿನ ಚಕ್ರಗಳು ನೀರು ಬಡಿಯುವ ಸದ್ದು ಹತ್ತಿರ ಬಂದು ನಿಂತಿತು. ಹಗ್ಗವೊಂದು ಹಾರಿ ಬಂತು. ಹಡಗು ಕಟ್ಟುವ ಕೆಲಸದಲ್ಲಿ ಇಪ್ಪತ್ತು ವರ್ಷದ ಅಭ್ಯಾಸ. ಯೋಚಿಸುವ ಮೊದಲೇ ಹಿಡಿದು ಗೂಟಕ್ಕೆ ಸುತ್ತಿದೆ. ಹಗ್ಗ ಬೆಚ್ಚಗಿತ್ತು. ಹಗುರ ಹೆಜ್ಜೆಗಳು ನನ್ನನ್ನು ದಾಟಿ, ಕಟ್ಟೆಯ ಹಲಗೆಗಳ ಮೇಲೆ ಊರಿನತ್ತ ಹೋದವು.

ಮಂಜು ಸರಿದಾಗ ಹಡಗೂ ಇರಲಿಲ್ಲ, ಹಗ್ಗವೂ ಇರಲಿಲ್ಲ.

ಮಧ್ಯಾಹ್ನ ಹೆಸ್ಟರ್ ಹತ್ತಿದ್ದ ಸ್ಟೀಮರಿನ ಕ್ಯಾಪ್ಟನ್ನನ ತಂತಿ ಬಂತು: “ಹಡಗು ಮರಳಲ್ಲೇ ಇದೆ. ಬೆಳಿಗ್ಗೆಯಿಂದ ಹೆಸ್ಟರ್ ಕಾಣುತ್ತಿಲ್ಲ. ಅಲ್ಲಿಗೆ ಬಂದರೇ?”

ತಂತಿಯನ್ನು ಜೇಬಿಗಿಟ್ಟು, ಬೆಳಿಗ್ಗೆ ಆ ಹಗುರ ಹೆಜ್ಜೆಗಳು ಹೋದ ಹಲಗೆಗಳ ಮೇಲೆಯೇ ಮನೆಯತ್ತ ನಡೆದೆ.